ರುದ್ರಭೂಮಿ ಸಮಿತಿಯ ಮಹಿಳಾ ಪ್ರತಿನಿಧಿ

ಊರಿನ ಸಮಿತಿಗಳಿಗೆ ಹೆಸರು ಕೊಟ್ಟವರ ಬದುಕಿನಲ್ಲಿ ಇಂಥವು ನಡೆಯುತ್ತಲೇ ಇರುತ್ತವೆ. ನಡೆಯದೇ ಇರುವುದು ಕೆಲಸ ಮಾತ್ರ.

ನಾನು ಹಿಟ್ಟಿನ ಗಿರಣಿ ನಡೆಸುವವಳು. ನಮ್ಮದು ಹೊಸನಗರದಿಂದ ತೀರ್ಥಹಳ್ಳಿ ಕಡೆಗೆ ಹೋಗುವಾಗ ಸಿಗುವ ಒಂದು ಸಣ್ಣ ಪೇಟೆ. ಹೆಸರು ಹೇಳುವುದಿಲ್ಲ. ಹೇಳಿದರೆ ಇದರ ಬಗ್ಗೆ ಚರ್ಚಿಸಲು ಸಮಿತಿಯವರು ಸಭೆ ಕರೆಯುತ್ತಾರೆ, ಆ ಸಭೆಗೂ ನಾನು ಹೋಗಬೇಕಾಗುತ್ತದೆ.

ನಾನು ಸೇರಿದ್ದು ಒಂದೇ ಸಮಿತಿಗೆ, ರುದ್ರಭೂಮಿ ಅಭಿವೃದ್ಧಿ ಸಮಿತಿಗೆ. ಯಾರೂ ಕರೆದದ್ದಲ್ಲ, ನಾನೇ ಕೇಳಿಕೊಂಡು ಹೋದದ್ದು. ಕಾರಣ ನನ್ನ ಅಮ್ಮ. ಅಪ್ಪ ತೀರಿಕೊಂಡದ್ದು ಪುಷ್ಯ ಮಳೆ ಹಿಡಿದ ಹೊತ್ತಿನಲ್ಲಿ. ನಮ್ಮೂರ ಸುಡುಗಾಡೆಂದರೆ ಹಳ್ಳದ ದಂಡೆಯ ಒಂದು ಬಯಲು, ಮೇಲೆ ಸೂರಿಲ್ಲ. ನಾಲ್ಕು ಜನ ಜಿಂಕ್ ಶೀಟು ಎತ್ತಿ ಹಿಡಿದು, ಹಸಿ ಸೌದೆಗೆ ಹಳೆ ಟೈರು ಹಾಕಿ, ಡೀಸೆಲ್ಲು ಸುರಿದು, ಆರಿದ ಬೆಂಕಿಯನ್ನು ಮತ್ತೆ ಮತ್ತೆ ಹಚ್ಚಿ ಹೇಗೋ ಮುಗಿಸಿದರು. ಅಣ್ಣ ಮನೆಗೆ ಬಂದವನು ಜಗುಲಿಯಲ್ಲಿ ಕೂತು ಅಳುತ್ತ ಅದನ್ನೆಲ್ಲ ಹೇಳಿದ. ಹೇಳಬಾರದಿತ್ತು. ಒಳಗಿನಿಂದ ಅಮ್ಮ ಕೇಳಿಸಿಕೊಂಡಳು. ಅವತ್ತಿನಿಂದ ಅವಳಿಗೆ ಸಾಯುವ ಹೆದರಿಕೆ ಹೋಗಿ ಮಳೆಗಾಲದಲ್ಲಿ ಸಾಯುವ ಹೆದರಿಕೆ ಹಿಡಿಯಿತು.

"ಎಂತ ಬೇಕಾದ್ರೂ ಆಗ್ಲಿ, ಮಳೆಗಾಲ್ದಲ್ಲಿ ಮಾತ್ರ ನನ್ನ ಕಳಿಸ್ಬೇಡಿ ಮಾರಾಯ್ತಿ" ಎನ್ನುತ್ತಾಳೆ, ನಾವೇ ಟಿಕೆಟ್ಟು ಮಾಡಿಸಿ ಕಳಿಸುವವರ ಹಾಗೆ. ಮೃಗಶಿರಾ ಹುಟ್ಟಿತೆಂದರೆ ಕಾಲಿಗೆ ಸಾಕ್ಸು, ಮೈಗೆ ಸ್ವೆಟರು, ಕುಡಿಯಲು ಬಿಸಿನೀರು, ಬಿಪಿ ಮಾತ್ರೆ ಗಡಿಯಾರ ನೋಡಿಕೊಂಡು. ದೀಪಾವಳಿ ಕಳೆದ ಮರುದಿನ ಸ್ವೆಟರು ಕಿತ್ತೆಸೆದು ಐಸ್‌ಕ್ರೀಮು ತರಿಸುತ್ತಾಳೆ. ಇನ್ನು ಯಾವಾಗ ಹೋದರೂ ಅಡ್ಡಿಯಿಲ್ಲವಂತೆ. ಡಾಕ್ಟರಿಗೆ ಈ ಲೆಕ್ಕ ಇನ್ನೂ ಅರ್ಥವಾಗಿಲ್ಲ.

ಸುಡುಗಾಡಿಗೆ ಒಂದು ಸೂರು ಮಾಡಿಸಬೇಕು, ಅಮ್ಮ ನೆಮ್ಮದಿಯಿಂದ ಇರಬೇಕು. ನನ್ನ ಆಸೆ ಇಷ್ಟೇ. ಅದಕ್ಕಾಗಿ ಏನೇನು ಅನುಭವಿಸಿದೆ ಎಂದು ಕೇಳಿ.

ಗೇಟಿನ ಹೊರಗಿನ ಸದಸ್ಯೆ

ಸಮಿತಿಯ ಅಧ್ಯಕ್ಷರು ಪೇಟೆಯ ಹಾರ್ಡ್‌ವೇರ್ ಅಂಗಡಿಯ ಯಜಮಾನರು. ನಾನು ಸೇರುತ್ತೇನೆ ಎಂದಾಗ ಅವರಿಗಾದ ಖುಷಿ ನೋಡಿ ನನಗೇ ಅನುಮಾನ ಬಂತು. ಸಮಿತಿಯಲ್ಲಿ ಒಬ್ಬ ಮಹಿಳೆ ಇರಲೇಬೇಕೆಂದು ನಿಯಮವಂತೆ. ಸುಡುಗಾಡಿನ ಹೆಸರು ಕೇಳಿದ ಕೂಡಲೇ ಪೇಟೆಯ ಹೆಂಗಸರೆಲ್ಲ ಬಾಗಿಲು ಹಾಕಿಕೊಂಡಿದ್ದರಂತೆ. ಬೇರೆ ದಾರಿ ಕಾಣದೆ ಕಾರ್ಯದರ್ಶಿಗಳು ತಮ್ಮ ಹೆಂಡತಿಯ ಹೆಸರನ್ನೇ ಕೊಟ್ಟಿದ್ದರು. ಅದು ಗೊತ್ತಾದ ದಿನ ಆಕೆ ಬಟ್ಟೆ ಕಟ್ಟಿಕೊಂಡು ತವರಿಗೆ ಹೊರಟು ನಿಂತಿದ್ದರಂತೆ. ಏನೂ ಮಾಡದೆಯೇ ಒಂದು ಸಂಸಾರ ಉಳಿಸಿದ ಪುಣ್ಯ ನನಗೆ ಬಂತು.

ಮೊದಲ ಕೆಲಸ ಸ್ಥಳ ಪರಿಶೀಲನೆ. ಎಲ್ಲರೂ ಜೀಪಿನಲ್ಲಿ ಹೋದೆವು. ಗೇಟಿನ ಹತ್ತಿರ ಇಳಿದ ಕೂಡಲೇ ಅಧ್ಯಕ್ಷರು ನನ್ನ ಕಡೆ ತಿರುಗಿ, ಹೆಂಗಸರು ಒಳಗೆ ಬರುವ ಕ್ರಮ ಇಲ್ಲ, ನೀವು ಇಲ್ಲೇ ಇರಿ ಅಕ್ಕ ಎಂದರು. ಸಮಿತಿಗೆ ಹೆಂಗಸು ಬೇಕು, ಸುಡುಗಾಡಿಗೆ ಹೆಂಗಸು ಬೇಡ. ಹಾಗಾದರೆ ನಾನು ಪರಿಶೀಲಿಸುವುದು ಏನನ್ನು ಎಂದು ಕೇಳಿದೆ. ಸ್ವಲ್ಪ ಯೋಚಿಸಿ, ಗೇಟನ್ನು ಎಂದರು. ಗೇಟು ಚೆನ್ನಾಗಿಯೇ ಇತ್ತು. ಅದರ ಎರಡು ಕಡೆಗೂ ಬೇಲಿ ಇರಲಿಲ್ಲ ಅಷ್ಟೆ.

ಗೇಟು ಇರುವುದು ರಸ್ತೆಯ ಮಟ್ಟದಲ್ಲಿ, ಎತ್ತರದಲ್ಲಿ. ಕೆಳಗೆ ಅವರು ಮಾಡುವುದೆಲ್ಲ ನನಗೆ ಕಾಣುತ್ತಿತ್ತು. ಟೇಪು ಹಿಡಿದು ಅಳೆಯುತ್ತ ಅಳೆಯುತ್ತ ಗಡಿಕಲ್ಲು ದಾಟಿ, ಪಕ್ಕದವರ ಶುಂಠಿ ಗದ್ದೆಗೆ ಹೋಗಿ ಅಲ್ಲಿ ಗೂಟ ಹೊಡೆಯಲು ಶುರು ಮಾಡಿದರು. ನಾನು ಕೂಗಿದೆ. ಗಿರಣಿಯ ಸದ್ದಿನಲ್ಲಿ ಮಾತಾಡಿ ಮಾತಾಡಿ ನನ್ನದು ಊರಿಗೇ ದೊಡ್ಡ ಗಂಟಲು, ಆದರೆ ಹಳ್ಳದ ಸದ್ದು ನನಗಿಂತ ದೊಡ್ಡದು. ಎಲ್ಲರೂ ಪ್ರೀತಿಯಿಂದ ಕೈ ಬೀಸಿದರು. ಫೋನು ಮಾಡಿದೆ. ನಾನು ಬಾಯಿ ಬಿಡುವುದರೊಳಗೆ ಅಧ್ಯಕ್ಷರು, ಆಯ್ತು ಬಂದ್ವಿ, ಚಾ ಹೇಳಿಡಿ ಎಂದು ಇಟ್ಟರು. ಒಳ್ಳೆಯ ಸಮತಟ್ಟು ಜಾಗ ಸಿಕ್ಕಿತೆಂದು ಎಲ್ಲರಿಗೂ ಸಂತೋಷವಾಗಿತ್ತು. ಸಮತಟ್ಟಾಗಿರದೆ ಏನು, ಗದ್ದೆಯವರು ಅದಕ್ಕೆ ಟ್ರ್ಯಾಕ್ಟರು ಹೊಡೆಸಿದ್ದರು.

ಶುಂಠಿಯ ನಡುವೆ ಹೆಣ ಸುಡುವ ಗೂಟ ಕಂಡ ಮೇಲೆ ಆ ಗದ್ದೆಯವರು ಸುಮ್ಮನಿರುತ್ತಾರೆಯೇ. ಕತ್ತಿ ಹಿಡಿದುಕೊಂಡೇ ಪೇಟೆಗೆ ಬಂದರು. ಬಂದದ್ದು ಮಾತ್ರ ಅಧ್ಯಕ್ಷರ ಅಂಗಡಿಗಲ್ಲ, ನನ್ನ ಗಿರಣಿಗೆ. ಏಕೆಂದರೆ ಜಾಗವನ್ನು ಮಹಿಳಾ ಪ್ರತಿನಿಧಿಯ ಸಮಕ್ಷಮದಲ್ಲಿ ಗುರುತಿಸಲಾಗಿದೆ ಎಂದು ಕಾರ್ಯದರ್ಶಿಗಳು ಅವರಿಗೆ ಹೇಳಿ ಕಳಿಸಿದ್ದರು.

ಮೌನ

ನಮ್ಮ ಕಾರ್ಯದರ್ಶಿಗಳು ಊರಿನ ಎಲ್ಲ ಕಾರ್ಯಕ್ರಮಗಳಿಗೂ ಖಾಯಂ ನಿರೂಪಕರು. ಮೈಕು ಕಂಡರೆ ಅವರ ಕೈ ತಾನಾಗಿ ಎದ್ದು ಹೋಗುತ್ತದೆ. ಕ್ರಮಬದ್ಧತೆ ಎಂದರೆ ಅವರಿಗೆ ಪ್ರಾಣ. ಇದು ರುದ್ರಭೂಮಿಯ ಸಮಿತಿಯಾದ್ದರಿಂದ, ಹಿಂದಿನ ಸಭೆಯಿಂದ ಈಚೆಗೆ ತೀರಿಕೊಂಡವರಿಗೆ ಮೌನಾಚರಣೆ ಮಾಡಿಯೇ ಸಭೆ ಶುರುವಾಗಬೇಕು ಎಂದು ಅವರು ನಿಯಮ ಮಾಡಿದರು. ಒಳ್ಳೆಯ ಮಾತು, ಯಾರೂ ಬೇಡ ಎನ್ನಲಿಲ್ಲ.

ಆದರೆ ಯಾರಿಗೆ ಮಾಡುವುದು, ಯಾರಿಗೆ ಬಿಡುವುದು? ಇಲ್ಲಿ ಹುಟ್ಟಿ ಬೇರೆ ಊರಲ್ಲಿ ಸತ್ತವರು ನಮ್ಮವರೋ ಅಲ್ಲವೋ ಎಂದು ಒಂದು ಸಭೆ ಪೂರ್ತಿ ಚರ್ಚೆಯಾಯಿತು. ಹುಲಿಕಲ್ಲಿನಿಂದ ಮಗಳ ಮನೆಗೆ ಬಂದಿದ್ದ ಒಬ್ಬ ಮುದುಕರು ಇಲ್ಲೇ ತೀರಿಕೊಂಡಿದ್ದರು. ಅವರು ನಮ್ಮ ಲೆಕ್ಕವೋ ಹುಲಿಕಲ್ಲಿನ ಲೆಕ್ಕವೋ ಎಂದು ಇನ್ನೊಂದು ಸಭೆ. ಹೆಸರುಗಳನ್ನು ವಯಸ್ಸಿನ ಪ್ರಕಾರ ಓದಬೇಕೋ ತೀರಿಕೊಂಡ ಕ್ರಮದಲ್ಲಿ ಓದಬೇಕೋ ಎಂದು ಇಬ್ಬರು ಸದಸ್ಯರು ಮಾತು ಬಿಟ್ಟರು. ಅಷ್ಟು ಹೊತ್ತಿಗೆ ಹೋಟೆಲಿನಿಂದ ಬಜ್ಜಿ ಬರುತ್ತಿತ್ತು. ಬಜ್ಜಿ ತಿಂದ ಮೇಲೆ, ಅಗಲಿದವರ ಗೌರವಾರ್ಥ ಇಂದಿನ ವಿಷಯಗಳನ್ನು ಮುಂದಿನ ಸಭೆಗೆ ಇಟ್ಟುಕೊಳ್ಳೋಣ ಎಂದು ಯಾರಾದರೂ ಹೇಳುತ್ತಿದ್ದರು. ಎಲ್ಲರೂ ಕೈ ಒರೆಸಿಕೊಂಡು ಏಳುತ್ತಿದ್ದರು.

ಒಂದು ಮಳೆಗಾಲದ ಸಭೆಗೆ ಅಧ್ಯಕ್ಷರು ಅಂಗೈಗೆ ಬ್ಯಾಂಡೇಜು ಕಟ್ಟಿಕೊಂಡು ಬಂದರು. ಹಿಂದಿನ ವಾರ ತೀರಿಕೊಂಡ ಅವರ ನೆಂಟರ ಚಿತೆಗೆ ಶೀಟು ಹಿಡಿದು ಕೈ ಸುಟ್ಟುಕೊಂಡಿದ್ದರು. ಅವತ್ತಿನ ವಿಷಯ ಸೂರು. ಇವತ್ತು ಆಗಿಯೇ ಆಗುತ್ತದೆ ಎಂದು ನಾನು ಗಿರಣಿಗೆ ರಜೆ ಹಾಕಿ ಹೋಗಿದ್ದೆ. ಮೌನ ಮುಗಿದ ಮೇಲೆ ಅಧ್ಯಕ್ಷರು ಗಂಟಲು ಸರಿಮಾಡಿಕೊಂಡು, ಮೃತರ ಗೌರವಾರ್ಥ ಇವತ್ತಿಗೆ ಬೇರೆ ವಿಷಯ ಬೇಡ ಎಂದರು.

ನನಗೆ ತಡೆಯಲಿಲ್ಲ. ಸೂರಿಲ್ಲದೆ ಒದ್ದೆಯಲ್ಲಿ ಬೆಂದವರ ಗೌರವಕ್ಕೆ ಸೂರಿನ ವಿಷಯವನ್ನೇ ಮುಂದಕ್ಕೆ ಹಾಕುತ್ತೀರಲ್ಲ, ನಿಮಗೆ ಮನುಷ್ಯತ್ವ ಇದೆಯಾ ಎಂದು ಕೇಳಿಬಿಟ್ಟೆ. ಇಡೀ ಸಭೆ ತಲೆ ತಗ್ಗಿಸಿ ಕೂತಿತು. ಎಷ್ಟೋ ಹೊತ್ತು ಯಾರೂ ಮಾತಾಡಲಿಲ್ಲ. ಆಮೇಲೆ ಕಾರ್ಯದರ್ಶಿಗಳು ಎದ್ದು, ಹೇಗೂ ಎಲ್ಲರೂ ಈಗ ಮೌನವಾಗಿ ಇದ್ದದ್ದರಿಂದ ಇದನ್ನು ಮುಂದಿನ ಸಭೆಯ ಮೌನಕ್ಕೆ ಜಮಾ ಮಾಡಿಕೊಳ್ಳಬಹುದು ಎಂದರು.

ಮನೆಗೆ ಬಂದಾಗ ಅಮ್ಮ ಬಾಗಿಲಲ್ಲೇ, ಸೂರಾಯ್ತನೇ ಎಂದು ಕೇಳಿದಳು. ಮೌನ ಆಯ್ತು ಎಂದೆ.

ಪ್ರಸಾದ

ಸಾಗರದ ಕಡೆ ಒಂದು ಊರಲ್ಲಿ ಅಚ್ಚುಕಟ್ಟಾದ ರುದ್ರಭೂಮಿ ಇದೆ, ಅದನ್ನು ನೋಡಿಕೊಂಡು ಬಂದರೆ ನಮಗೂ ಒಂದು ಅಂದಾಜು ಸಿಗುತ್ತದೆ ಎಂದು ಅಧ್ಯಯನ ಪ್ರವಾಸ ನಿಶ್ಚಯವಾಯಿತು. ಟೆಂಪೋ ಟ್ರಾವೆಲರ್ ಗೊತ್ತು ಮಾಡಿದರು. ಅಂತೂ ಒಂದು ಕೆಲಸ ಮುಂದೆ ಹೋಯಿತು ಎಂದು ನಾನು ಬೆಳಿಗ್ಗೆ ಹುರುಪಿನಿಂದಲೇ ಹತ್ತಿದೆ.

ಹೊರಟ ಮೇಲೆ ಪ್ರಶ್ನೆ ಬಂತು. ಸುಡುಗಾಡಿಗೆ ಹೋದರೆ ಬಂದು ಸ್ನಾನ ಮಾಡಬೇಕು. ಸ್ನಾನ ಮಾಡದೆ ಊಟ ಮಾಡುವ ಹಾಗಿಲ್ಲ, ಬಟ್ಟೆ ಯಾರೂ ತಂದಿಲ್ಲ. ಹೇಗೂ ಇಷ್ಟು ದೂರ ಬಂದಿದ್ದೇವೆ, ಮೊದಲು ಸಿಗಂದೂರಿಗೆ ಹೋಗಿ ದೇವಿಗೆ ಕೈಮುಗಿದು ಊಟ ಮುಗಿಸಿಕೊಂಡು ಆಮೇಲೆ ಸುಡುಗಾಡು ನೋಡಿದರೆ ಎರಡೂ ಸುಲಭ ಎಂದು ಅಧ್ಯಕ್ಷರು ಹೇಳಿದರು. ಇದಕ್ಕೆ ಮಾತ್ರ ಚರ್ಚೆಯೇ ಇಲ್ಲದೆ ಒಪ್ಪಿಗೆ ಸಿಕ್ಕಿತು.

ಆಗಿನ್ನೂ ಅಲ್ಲಿಗೆ ಸೇತುವೆ ಆಗಿರಲಿಲ್ಲ. ಹೊಳೆಬಾಗಿಲಿನಲ್ಲಿ ಲಾಂಚಿಗೆ ಕಾದು, ಗಾಡಿಯನ್ನೂ ಡ್ರೈವರನ್ನೂ ಈಚೆ ದಡದಲ್ಲೇ ಬಿಟ್ಟು ನಾವು ದಾಟಿದೆವು. ದರ್ಶನವಾಯಿತು, ಊಟವಾಯಿತು, ನೀರು ನೋಡುತ್ತ ಫೋಟೋ ಹೊಡೆಸಿಕೊಂಡದ್ದಾಯಿತು. ವಾಪಸು ಸಾಗರದ ಕಡೆ ಬಂದು ಆ ರುದ್ರಭೂಮಿಯ ಎದುರು ಗಾಡಿ ನಿಂತಾಗ ಬಿಸಿಲು ಇಳಿದಿತ್ತು. ಬಾಗಿಲು ತೆರೆಯಿತು. ಯಾರೂ ಇಳಿಯಲಿಲ್ಲ.

ಎಲ್ಲರ ತೊಡೆಯ ಮೇಲೂ ಪ್ರಸಾದದ ಪೊಟ್ಟಣ, ಹಣೆಯಲ್ಲಿ ಕುಂಕುಮ. ಪ್ರಸಾದ ಹಿಡಿದುಕೊಂಡು ಸುಡುಗಾಡಿಗೆ ಹೋಗುವುದು ಹೇಗೆ? ಗಾಡಿಯಲ್ಲಿ ಇಟ್ಟು ಹೋಗೋಣ ಎಂದರೆ, ಬಂದು ಮುಟ್ಟುವುದು ಹೇಗೆ? ನಾನು ನನ್ನ ಪ್ರಸಾದವನ್ನು ಸೀಟಿನ ಮೇಲಿಟ್ಟು, ದೇವಿ ತಪ್ಪು ತಿಳಿಯುವುದಿಲ್ಲ, ನಾನು ಹೋಗಿ ಬರುತ್ತೇನೆ ಎಂದು ಎದ್ದೆ. ಹೆಂಗಸರು ಹೋಗುವ ಕ್ರಮ ಇಲ್ಲ ಎಂದು ಐದಾರು ಗಂಟಲುಗಳು ಒಟ್ಟಿಗೆ ಹೇಳಿದವು. ಕೊನೆಗೆ ಪ್ರಸಾದವಿಲ್ಲದವರು ಒಬ್ಬರೇ ಎಂದು ಲೆಕ್ಕಕ್ಕೆ ಬಂತು, ಅದು ಡ್ರೈವರು. ಕಾರ್ಯದರ್ಶಿಗಳು ಅವರ ಕೈಗೆ ತಮ್ಮ ಮೊಬೈಲು ಕೊಟ್ಟು, ಎಲ್ಲದರ ಫೋಟೋ ಹೊಡೆದುಕೊಂಡು ಬನ್ನಿ ಎಂದು ಕಳಿಸಿದರು.

ಅವರು ಆರಾಮಾಗಿ ಬಂದರು. ಭಾರಿ ಚೆನ್ನಾಗಿದೆ, ಗಾಳಿ ಬರುತ್ತದೆ ಎಂದರು. ಫೋಟೋ ನೋಡಿದೆವು. ಗೇಟು, ಕ್ರೋಟನ್ ಗಿಡ, ದಾಸವಾಳ, ನಲ್ಲಿ, ಒಂದು ಬೆಕ್ಕು, ಉಳಿದದ್ದೆಲ್ಲ ಅವರದೇ ಮುಖ. ನನಗೆ ಅಳು ಬರುವುದೊಂದು ಬಾಕಿ. ಶೆಡ್ಡಿನ ಫೋಟೋ ಎಲ್ಲಿ ಎಂದು ಕೇಳಿದೆ. ಅವರು ತಮ್ಮ ಮುಖವನ್ನೇ ದೊಡ್ಡದು ಮಾಡಿ ತೋರಿಸಿ, ಅದರ ಕೆಳಗೇ ಕೂತು ಹೊಡೆದದ್ದಲ್ವಾ ಅಕ್ಕ ಎಂದರು.

ಪ್ರವಾಸದಿಂದ ತಿಳಿದುಬಂದದ್ದೇನು ಎಂದು ಮುಂದಿನ ಸಭೆಯಲ್ಲಿ ಕಾರ್ಯದರ್ಶಿಗಳು ವಿವರಿಸಿದರು. ಅಲ್ಲಿನ ವ್ಯವಸ್ಥೆ ತೃಪ್ತಿಕರವಾಗಿದೆ, ಕೂತು ಹೋದವರಿಗೆ ಹಿತವಾಗಿದೆ.

ಹೆಸರು ಬೇಡ

ನಮ್ಮ ಪೇಟೆಯವರು ಕೊಡುಗೈಯವರು, ಅದರಲ್ಲಿ ಎರಡು ಮಾತಿಲ್ಲ. ಆದರೆ ಕೊಟ್ಟದ್ದರ ಮೇಲೆ ಹೆಸರಿರಬೇಕು. ಶಾಲೆಗೆ ಒಂದು ಮನೆಯ ಅಣ್ಣತಮ್ಮಂದಿರು ಸೇರಿ ಕೊಟ್ಟ ಫ್ಯಾನಿನ ಒಂದೊಂದು ರೆಕ್ಕೆಯ ಮೇಲೆ ಒಬ್ಬೊಬ್ಬ ತಮ್ಮನ ಹೆಸರಿದೆ, ನಡುವಿನ ಬಟ್ಟಲಿನ ಮೇಲೆ ಅಣ್ಣನದು. ಫ್ಯಾನು ತಿರುಗಿದರೆ ಯಾರ ಹೆಸರೂ ಓದಲಾಗುವುದಿಲ್ಲ ಎಂದು ಅದನ್ನು ಹಾಕುವುದೇ ಕಡಿಮೆ.

ಸುಡುಗಾಡಿಗೆ ದಾನ ಕೇಳಿದಾಗ ಎಲ್ಲ ತಲೆಕೆಳಗಾಯಿತು. ಶೆಡ್ಡಿನ ಶೀಟು ಕೊಡುತ್ತೇನೆ ಎಂದವರು, ದಯವಿಟ್ಟು ಹೆಸರು ಬೇಡ ಎಂದರು. ಹೆಣ ಇಡುವ ಕಬ್ಬಿಣದ ಚೌಕಟ್ಟು ಕೊಟ್ಟವರು ಅದನ್ನು ಅಡಿಕೆ ಮೂಟೆಯ ಗಾಡಿಯಲ್ಲಿ ಮುಚ್ಚಿಕೊಂಡು ತಂದು ಇಳಿಸಿ ಹೋದರು. ಸಿಮೆಂಟು ಕೊಟ್ಟವರು, ಕಂಬ ಕೊಟ್ಟವರು, ಯಾರಿಗೂ ಹೆಸರು ಬೇಡ. ತಮ್ಮ ತಂದೆತಾಯಿಯ ಹೆಸರು ಅಲ್ಲಿ ಬರೆಸಿದರೆ ಅವರನ್ನು ಎರಡನೇ ಸಲ ಸುಟ್ಟ ಹಾಗೆ ಎಂದು ಒಬ್ಬರು ಹೇಳಿದರು. ನನಗೂ ಅದು ನ್ಯಾಯ ಎನ್ನಿಸಿತು.

ಕಾರ್ಯದರ್ಶಿಗಳಿಗೆ ಇದು ಸಹಿಸಲಾರದ ಸಂಕಟ. ದಾನಿಗಳ ಕಲ್ಲು ಆಗಲೇ ಕೆತ್ತಿಸಿದ್ದರು. ಮೇಲೆ ದೊಡ್ಡದಾಗಿ ದಾನಿಗಳು ಎಂದಿತ್ತು, ಕೆಳಗೆ ನುಣ್ಣಗೆ ಖಾಲಿ. ಹೀಗಿರುವಾಗ ಒಬ್ಬರು ಗುಡಿಸಲು ಒಂದು ಹಿಡಿಸೂಡಿ, ಒಂದು ಬಕೆಟ್ಟು ತಂದುಕೊಟ್ಟು, ನನ್ನ ಹೆಸರು ಹಾಕಲು ಅಡ್ಡಿಯಿಲ್ಲ ಎಂದರು. ಕಾರ್ಯದರ್ಶಿಗಳು ಅವರನ್ನು ಅಪ್ಪಿಕೊಳ್ಳುವುದೊಂದು ಬಾಕಿ. ಈಗ ಅಷ್ಟು ದೊಡ್ಡ ಕಲ್ಲಿನ ಮೇಲೆ ಅವರದೊಂದೇ ಹೆಸರು. ಇಡೀ ರುದ್ರಭೂಮಿ ಕಟ್ಟಿಸಿದ ಪುಣ್ಯಾತ್ಮ ಎಂದು ಹೊರಗಿನವರು ಬಂದು ಅವರಿಗೆ ನಮಸ್ಕಾರ ಮಾಡುತ್ತಾರೆ. ಅವರು ಬೇಡ ಎನ್ನುವುದಿಲ್ಲ.

ಸದುಪಯೋಗ

ನಂಬಿದರೆ ನಂಬಿ, ಬಿಟ್ಟರೆ ಬಿಡಿ, ಕೊನೆಗೂ ಗಡಿಕಲ್ಲಿನ ಈಚೆಗೇ ಶೆಡ್ಡು ಎದ್ದು ನಿಂತಿತು. ಬೇಸಿಗೆ ಮುಗಿಯುವುದರೊಳಗೆ ಉದ್ಘಾಟನೆ ಎಂದಾಯಿತು. ಮುಖ್ಯ ಅತಿಥಿಗಳು ಬರಲು ಒಪ್ಪಿದರು, ಆದರೆ ಒಳಗೆ ಕಾಲಿಡಲು ಒಪ್ಪಲಿಲ್ಲ. ಹಾಗಾಗಿ ಶಾಮಿಯಾನ ಗೇಟಿನ ಹೊರಗೆ ರಸ್ತೆಯಲ್ಲೇ ಹಾಕಿದರು. ಟೇಪು ಗೇಟಿಗೇ ಕಟ್ಟಿದರು. ಅವರು ಹೊರಗೆ ನಿಂತೇ ಕತ್ತರಿಸಿ, ದೂರದಿಂದ ಶೆಡ್ಡಿನ ಕಡೆ ನೋಡಿ ತಲೆಯಾಡಿಸಿದರು. ಹಾಕಿದ ಶಾಲು ಅವರ ಹೆಗಲು ಮುಟ್ಟಿ ಅಲ್ಲಿಂದ ಗನ್‌ಮ್ಯಾನ್ ಕೈಗೆ ಹೋಯಿತು, ಗನ್‌ಮ್ಯಾನಿನಿಂದ ಡ್ರೈವರಿಗೆ ಹೋಯಿತು. ಆಮೇಲೆ ನೋಡಿದರೆ ಗೇಟಿನ ಕಂಬದ ಮೇಲೆ ನೇತಾಡುತ್ತಿತ್ತು.

ನಿರೂಪಣೆ ನಮ್ಮ ಕಾರ್ಯದರ್ಶಿಗಳದ್ದು. ಜಾಗ ಯಾವುದೇ ಇರಲಿ, ಅವರ ಬಾಯಲ್ಲಿ ಇರುವುದು ಒಂದೇ ಮಾತು. ಕಣ್ಣಿನ ತಪಾಸಣೆಗೂ ಅದೇ, ಕೃಷಿ ಮೇಳಕ್ಕೂ ಅದೇ. ಎಲ್ಲ ಮುಗಿದ ಮೇಲೆ ಮೈಕು ಹಿಡಿದು ಗಂಭೀರವಾಗಿ ಹೇಳಿದರು: "ಸಾರ್ವಜನಿಕರು ಕುಟುಂಬ ಸಮೇತ ಹೆಚ್ಚಿನ ಸಂಖ್ಯೆಯಲ್ಲಿ ಆಗಮಿಸಿ ಇದರ ಸದುಪಯೋಗ ಪಡೆದುಕೊಳ್ಳಬೇಕೆಂದು ಕೋರುತ್ತೇವೆ."

ಜನ ಬೊಂಡಾ ಪೊಟ್ಟಣವನ್ನೂ ತೆಗೆದುಕೊಳ್ಳದೆ ಎದ್ದು ಹೋದರು. ಆಮೇಲೆ ವಂದನಾರ್ಪಣೆ ಮಹಿಳಾ ಪ್ರತಿನಿಧಿಯಿಂದ ಎಂದು ನನ್ನನ್ನು ಕರೆದರು. ನಾನು ಖಾಲಿ ಕುರ್ಚಿಗಳಿಗೆ ವಂದಿಸಿ ಕೂತೆ.

ಪಾಳಿ

ಇನ್ನು ಮಳೆ ಬಂದರೆ ಬರಲಿ ಎಂದುಕೊಂಡೆ. ಬಂತು. ಆರಿದ್ರಾ ಮಳೆಯಲ್ಲಿ ಪೇಟೆಯ ಒಬ್ಬ ಅಜ್ಜಿ ತೀರಿಕೊಂಡರು. ಹೆಣ ಹೊತ್ತವರು ಹೊಸ ಶೆಡ್ಡಿನ ಪಕ್ಕದಲ್ಲೇ ಹಾದು ಹೋಗಿ, ಹಳೆಯ ಜಾಗದಲ್ಲಿ ಚಿತೆ ಒಟ್ಟಿ, ಜಿಂಕ್ ಶೀಟು ಎತ್ತಿ ಹಿಡಿದುಕೊಂಡು ನಿಂತರು. ಯಾಕೆ ಹೀಗೆ ಎಂದು ಕೇಳಿದ್ದಕ್ಕೆ ಮನೆಯವರು, ಹೊಸ ಜಾಗ ಅಲ್ವಾ, ಮೊದಲನೆಯದು ನಮ್ಮ ಮನೆಯದ್ದೇ ಆಗುವುದು ಬೇಡ, ಶುರು ಮಾಡಿದ ಮನೆಯಿಂದಲೇ ಜಾಗ ಇನ್ನೊಂದು ಹೆಣ ಕೇಳುತ್ತದೆ ಎನ್ನುತ್ತಾರೆ, ಯಾರದ್ದಾದರೂ ಒಂದು ಆಗಲಿ ಎಂದರು. ಮುಂದಿನ ಮನೆಯವರೂ ಅದನ್ನೇ ಹೇಳಿದರು, ಅದರ ಮುಂದಿನವರೂ ಅದನ್ನೇ. ಎರಡನೆಯವರಾಗಲು ಇಡೀ ಪೇಟೆ ತಯಾರಿತ್ತು. ಒಂದು ಅನುಕೂಲವಾಯಿತೆಂದು ಹೇಳಬೇಕು. ಜಿಂಕ್ ಶೀಟುಗಳು ಒದ್ದೆಯಾಗದಂತೆ ಅವನ್ನು ಹೊಸ ಶೆಡ್ಡಿನೊಳಗೆ ಜೋಡಿಸಿ ಇಡುತ್ತಿದ್ದರು.

ತುರ್ತು ಸಭೆ ಸೇರಿತು. ಹುಲ್ಲಿನ ಗೊಂಬೆ ಮಾಡಿ ಮೊದಲು ಅದನ್ನು ಸುಟ್ಟರೆ ಹೇಗೆ ಎಂದು ಒಬ್ಬರು ಕೇಳಿದರು. ಯಾರ ಹೆಸರಲ್ಲಿ ಸುಡುವುದು ಎಂಬಲ್ಲಿಗೆ ಅದು ನಿಂತಿತು. ಸಭೆಗೆ ಬಾರದ ಸದಸ್ಯರ ಹೆಸರಿನಲ್ಲಿ ಎಂದು ಯಾರೋ ಹೇಳಿದ ಮೇಲೆ ಹಾಜರಿ ಮಾತ್ರ ಸುಧಾರಿಸಿತು. ಮೊದಲ ಕುಟುಂಬಕ್ಕೆ ಶಾಲು ಹೊದಿಸಿ ಸನ್ಮಾನ ಮಾಡೋಣ ಎಂದು ಅಧ್ಯಕ್ಷರು ಸೂಚಿಸಿದರು. ಇದ್ದ ಸಣ್ಣ ಆಸೆಯೂ ಅಲ್ಲಿಗೆ ಹೋಯಿತು.

ನಾನು ಮನೆಗೆ ಬಂದು ಅಮ್ಮನ ಎದುರು ಕೂತು ಅತ್ತುಬಿಟ್ಟೆ. ಇಷ್ಟು ವರ್ಷ ಬಾಯಿ ಬಡಿದುಕೊಂಡು ಕಟ್ಟಿಸಿದ್ದು ಶೀಟು ಒಣಗಿಸಲಿಕ್ಕಾ ಎಂದು ಕೇಳಿದೆ. ಅಮ್ಮ ಸಾಕ್ಸು ಸ್ವೆಟರು ಹಾಕಿಕೊಂಡು ಹಲಸಿನ ಬೀಜ ಬಿಡಿಸುತ್ತಿದ್ದಳು. ತಲೆ ಎತ್ತದೆ, "ನಂದೇ ಮೊದ್ಲು ಅಂತ ಹೇಳ್ ಅವ್ರಿಗೆ. ಸೂರೊಂದಿದ್ರೆ ಸಾಕು, ನಂಗೆ ಎಂತದೂ ಹೆದರಿಕೆ ಇಲ್ಲ" ಎಂದಳು. ಅಪಶಕುನ ಮಾತಾಡಬೇಡ ಎಂದು ಗದರಿಸಿದೆ. ಆದರೆ ಗೋಧಿ ಬೀಸಲು ಕೊಡಲೆಂದು ಬಂದ ಅಧ್ಯಕ್ಷರು ಜಗುಲಿಯಲ್ಲಿ ನಿಂತು ಅದನ್ನು ಕೇಳಿಸಿಕೊಂಡಿದ್ದರು. ಒಳಗೆ ಬಂದು ಅಮ್ಮನಿಗೆ ಕೈ ಮುಗಿದರು. ಅವರ ಕಣ್ಣಲ್ಲಿ ನೀರಿತ್ತು.

ಮರುದಿನ ಪೇಟೆಗೆಲ್ಲ ಸುದ್ದಿ. ಅಲ್ಲಿಂದ ಅಧ್ಯಕ್ಷರು ದಿನಾ ಬೆಳಿಗ್ಗೆ ಗಿರಣಿಗೆ ಬಂದು, ಅಮ್ಮ ಹೆಂಗಿದಾರೆ ಎಂದು ಕೇಳಲು ಶುರು ಮಾಡಿದರು. ಆರಾಮಿದ್ದಾರೆ ಎಂದರೆ, ಬಸ್ಸು ತಪ್ಪಿಸಿಕೊಂಡವರ ದನಿಯಲ್ಲಿ, ಒಳ್ಳೇದು ಒಳ್ಳೇದು ಎನ್ನುತ್ತಿದ್ದರು. ಇಷ್ಟು ವಯಸ್ಸಾದ ಮೇಲೆ ಅಷ್ಟೊಂದು ಮಾತ್ರೆ ಯಾಕೆ ಕೊಡುತ್ತೀರಿ ಎಂದು ಒಬ್ಬ ಸದಸ್ಯರು ನನಗೆ ಬುದ್ಧಿ ಹೇಳಿದರು. ನಾನು ಅವರ ರಾಗಿಯನ್ನು ಬೀಸದೆ ವಾಪಸು ಕಳಿಸಿದೆ.

ನೋಡಲು ಜನ ಬರತೊಡಗಿದರು. ಹಣ್ಣು ತಂದರು, ಹೂವು ತಂದರು, ಕಾಲು ಮುಟ್ಟಿದರು. ಅಮ್ಮ ಜಗುಲಿಯಲ್ಲಿ ಕುರ್ಚಿ ಹಾಕಿಸಿಕೊಂಡು ಎಲ್ಲರ ಹತ್ತಿರವೂ ಹೊಟ್ಟೆ ತುಂಬ ಮಾತಾಡಿದಳು. ಅಪ್ಪ ಹೋದ ಮೇಲೆ ಅವಳ ಹತ್ತಿರ ಇಷ್ಟು ಜನ ಕೂತು ಮಾತಾಡಿದ್ದೇ ಇಲ್ಲ. ಊಟ ಹೆಚ್ಚಾಯಿತು, ನಿದ್ದೆ ಚೆನ್ನಾಯಿತು, ಡಾಕ್ಟರು ನೋಡಿ ಒಂದು ಮಾತ್ರೆ ಕಡಿಮೆ ಮಾಡಿದರು. ಅಮ್ಮ ಗಟ್ಟಿಯಾದ ಹಾಗೆಲ್ಲ ಅಧ್ಯಕ್ಷರು ಸೊರಗಿದರು.

ಆಶ್ಲೇಷಾ ಮಳೆ ಜಡಿಯುತ್ತಿದ್ದ ಒಂದು ಬೆಳಿಗ್ಗೆ, ಪೇಟೆಯ ಹಳೆಯ ಬಸ್ ಕಂಡಕ್ಟರು ತೀರಿಕೊಂಡರು. ಸ್ವಲ್ಪ ಹೊತ್ತಿಗೆ ಅವರ ಮಗ ಒದ್ದೆಯಾಗಿ ನಮ್ಮ ಅಂಗಳಕ್ಕೆ ಬಂದು ನಿಂತ. ನನ್ನ ಓರಗೆಯವನು, ಪೇಟೆಯಲ್ಲಿ ಟಿವಿ ರಿಪೇರಿ ಮಾಡುತ್ತಾನೆ.

"ಅಪ್ಪಯ್ಯನ್ನ ಮಳೇಲಿ ಸುಡಕ್ಕೆ ಮನಸ್ಸು ಬರ್ತಿಲ್ಲ ಅಕ್ಕ" ಎಂದ. "ಶೆಡ್ಡಲ್ಲೇ ಮಾಡದು ಅಂತ ನಾನು. ಆದ್ರೆ ಅಲ್ಲಿ ಮೊದಲ ಪಾಳಿ ಅಮ್ಮಂದು ಅಂತ ಊರೆಲ್ಲ ಹೇಳ್ತಾರೆ. ಅವ್ರನ್ನ ಒಂದು ಮಾತು ಕೇಳ್ದೆ ಹೆಂಗೆ ಮಾಡದು?"

ನನಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಸಾಯುವುದರಲ್ಲಿ ಮುಂದೆ ಹೋಗಲು ಯಾರಾದರೂ ಅಪ್ಪಣೆ ಕೇಳಿದ್ದನ್ನು ನಾನಂತೂ ಕಂಡಿರಲಿಲ್ಲ. ಅಷ್ಟರಲ್ಲಿ ಅಮ್ಮ ಗೋಡೆ ಹಿಡಿದುಕೊಂಡು ಹೊರಗೆ ಬಂದಳು.

"ತೀರ್ಥಹಳ್ಳಿ ಬಸ್ಸಲ್ಲಿ ನಿಮ್ಮಪ್ಪ ಟವೆಲ್ ಹಾಕಿ ನಂಗೆ ಎಷ್ಟು ಸಲ ಸೀಟು ಹಿಡ್ದು ಕೊಟ್ಟಿದಾರೆ. ಬಸುರಿ ಇದ್ದಾಗ್ಲೂ ನಿಂತ್ಕಂಡು ಹೋಗಕ್ಕೆ ಬಿಟ್ಟೋರಲ್ಲ. ಇದೊಂದು ಸಲ ಅವ್ರೇ ಕೂರ್ಲಿ. ನಾನು ಪಾಳಿ ಬಿಟ್ಟೆ ಅಂತ ಹೇಳು, ಹೋಗು."

ಮಗ ಅಲ್ಲೇ ಮೆಟ್ಟಿಲ ಮೇಲೆ ಕೂತು ಅತ್ತ.

ಅವತ್ತು ನಾನು ಗೇಟಿನ ಹೊರಗೆ ಕೊಡೆ ಹಿಡಿದುಕೊಂಡು ನಿಂತಿದ್ದೆ. ಮಳೆ ಸುರಿಯುತ್ತಲೇ ಇತ್ತು. ಕೆಳಗೆ ಶೆಡ್ಡಿನಲ್ಲಿ ಬೆಂಕಿ ಒಂದೇ ಸಲಕ್ಕೆ ಹತ್ತಿತು, ಯಾರೂ ಏನನ್ನೂ ಎತ್ತಿ ಹಿಡಿಯಬೇಕಾಗಲಿಲ್ಲ. ಕಂಡಕ್ಟರ ಮಗ ಕೈ ಮುಗಿದು ನೆಟ್ಟಗೆ ನಿಂತಿದ್ದ. ನಮ್ಮ ಅಪ್ಪನಿಗೂ ಇಷ್ಟು ಸಿಕ್ಕಿದ್ದರೆ ಸಾಕಿತ್ತು ಎಂದು ನನಗೆ ತುಂಬ ದುಃಖವಾಯಿತು. ಅದರ ಮುಂದಿನ ವಾರದಿಂದ ಎಲ್ಲರೂ ಶೆಡ್ಡಿಗೇ ಬರಲು ಶುರು ಮಾಡಿದರು. ಜಿಂಕ್ ಶೀಟುಗಳು ಯಾರದೋ ಕೊಟ್ಟಿಗೆಗೆ ಹೋದವು.

ಕಂಡಕ್ಟರನ್ನು ಸುಟ್ಟ ದಿನವೇ ನಾನು ಗೇಟಿನಿಂದ ಮನೆಗೆ ಬಂದು ಅಮ್ಮನಿಗೆ ಎಲ್ಲ ಹೇಳಿದೆ. ಬೆಂಕಿ ಹೇಗೆ ಹತ್ತಿತು, ಒಂದು ಹನಿಯೂ ಒಳಗೆ ಬೀಳಲಿಲ್ಲ, ಇನ್ನು ನೀನು ಯಾವ ಮಳೆಗೂ ಹೆದರಬೇಕಾಗಿಲ್ಲ ಎಂದೆ. ಅವಳ ಮುಖ ಅರಳುತ್ತದೆ ಎಂದು ಕಾದೆ. ಅಮ್ಮ ಸ್ವೆಟರನ್ನು ಇನ್ನಷ್ಟು ಬಿಗಿಯಾಗಿ ಎಳೆದುಕೊಂಡಳು.

"ಮಳೆಗಾಲ್ದಲ್ಲಿ ಬೇಡ, ಮಳೆಗಾಲ್ದಲ್ಲಿ ಬೇಡ ಅಂತ ಹೇಳ್ಕಂಡೇ ಇಷ್ಟು ವರ್ಷ ತಳ್ಳಿದ್ನಲ್ಲೇ" ಎಂದಳು. "ಇನ್ನು ಎಂತ ಹೇಳದು?"

ಇಷ್ಟು ವರ್ಷ ಅವಳ ಹೆದರಿಕೆ ಕಳೆಯಬೇಕೆಂದು ಓಡಾಡಿದೆ. ಅದನ್ನೇ ಹಿಡಿದುಕೊಂಡು ಅವಳು ಬದುಕಿದ್ದಾಳೆಂದು ನನಗೆ ಹೊಳೆದೇ ಇರಲಿಲ್ಲ. ಅವಳು ಆಚೆ ಈಚೆ ನೋಡಿ, ಹತ್ತಿರ ಬಾಗಿ, ದನಿ ತಗ್ಗಿಸಿ ಕೇಳಿದಳು:

"ಅಲ್ಲಿ ರಿಪೇರಿ ಅಂತ ಒಂದು ಬೋರ್ಡು ಹಾಕ್ಸಕ್ಕೆ ಆಗ್ತದನೇ? ಜಾಸ್ತಿ ದಿನ ಬೇಡ. ಈ ಮಳೆಗಾಲ ಒಂದು ಕಳೀಲಿ."

ನಾನು ಅವಳ ಕೈ ಹಿಡಿದುಕೊಂಡೆ. "ನೀ ಧೈರ್ಯವಾಗಿರಮ್ಮ" ಎಂದೆ. "ನಮ್ಮ ಸಮಿತಿ ಒಂದು ಸಲ ರಿಪೇರಿಗೆ ಕೈ ಹಾಕಿದ್ರೆ ನಿಂಗೆ ನೂರು ತುಂಬಿದ್ರೂ ಮುಗಿಯದಿಲ್ಲ."